ಆರನೆಯ ಉಸಿರುಡಬ್ಬಿ

"ಆರನೇದು ಬೇಡ ಮೇಡಂ."

ಕೊಳವೆಯಕ್ಕ ಗಾಜಿನ ಕೊಳವೆಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ನಿಂತಿದ್ದಳು. ಕೊಳವೆಯ ಉದ್ದನೆಯ ಕತ್ತು ಅವಳ ಗದ್ದಕ್ಕೆ ತಾಗುತ್ತಿತ್ತು. ತಳದ ಗುಂಡು ಬುರುಡೆಯಲ್ಲಿ ಒಂದು ಚಿಟಿಕೆ ಕರಿಕಾಳು, ಅಷ್ಟೇ.

"ಯಾಕೆ ಬೇಡ?" ಎಂದಳು ಇನ್ಸ್‌ಪೆಕ್ಟರಮ್ಮ.

"ಅವ್ರು ಬದುಕಿದಾರಲ್ಲ. ಸತ್ತವರ ಡಬ್ಬಿ ಅಳೆದ್ರೆ ಸಾಲದಾ? ಸುಮ್ನೆ ಸಾರಜನಕ ದಂಡ."

"ಸಾರಜನಕದ ಚಿಂತೆ ನನಗಿರ್ಲಿ ಅಕ್ಕ. ನಿಮ್ಮ ಯಜಮಾನ್ರನ್ನ ಹೊರಗೆ ತರೋಕೆ ತಾನೇ ಇಷ್ಟೆಲ್ಲ ಪರದಾಟ? ಆರು ಡಬ್ಬಿನೂ ಒಂದೇ ಥರ ಕೆಟ್ಟಿದ್ವು ಅಂತ ಕೋರ್ಟಿಗೆ ತೋರಿಸ್ಬೇಕು. ಒಂದು ಬಿಟ್ರೆ ಎದುರು ವಕೀಲ ಅದನ್ನೇ ಹಿಡ್ಕೊಂಡು ಜಗ್ಗಾಡ್ತಾನೆ. ಕೊಡಿ ಇಲ್ಲಿ."

ಅವಳು ಕೊಡಲಿಲ್ಲ. ಯಂತ್ರ ನಡೆಸಲು ಇನ್ಸ್‌ಪೆಕ್ಟರಮ್ಮ ಕರೆಸಿದ್ದ ರಿಪೇರಿ ತಾತನೇ ಮೆಲ್ಲಗೆ ಅವಳ ಬೆರಳು ಬಿಡಿಸಿ ಕೊಳವೆಯನ್ನು ತೆಗೆದುಕೊಂಡ.

ಸುರಂಗಕ್ಕೆ ವಿಷಗಾಳಿ ನುಗ್ಗಿ ಇಂದಿಗೆ ಒಂಬತ್ತು ದಿನ. ವಿಷಗಾಳಿ ಸೋಸುವ ಕಾಳು ತುಂಬಿದ ಉಸಿರುಡಬ್ಬಿಯನ್ನು ಮೂತಿಗೆ ಕಟ್ಟಿಕೊಂಡಿದ್ದೂ ಐವರು ಸತ್ತಿದ್ದರು. ಬದುಕಿದ ಆರನೆಯವನು ಪಾಳಿಯ ಮೇಸ್ತ್ರಿ. ಆತ ಆಸ್ಪತ್ರೆಯ ಮಂಚದ ಮೇಲೆ ಪೊಲೀಸ್ ಕಾವಲಿನಲ್ಲಿದ್ದ. ಡಬ್ಬಿ ಮಾಡಿದ ಕಾರ್ಖಾನೆಯವರು, ಪಟ್ಟಿ ಸರಿಯಾಗಿ ಬಿಗಿಸಿದ್ದಾರೋ ಇಲ್ಲವೋ ಎಂದು ಮೇಸ್ತ್ರಿ ನೋಡಲಿಲ್ಲ, ಅದಕ್ಕೇ ಸತ್ತರು ಎಂದು ಅವನ ತಲೆಯ ಮೇಲೆ ಗೂಬೆ ಕೂರಿಸಿದ್ದರು. ನಾಳೆ ಹನ್ನೊಂದು ಗಂಟೆಗೆ ಜಾಮೀನಿನ ವಿಚಾರಣೆ.

ಕೊಳವೆಯಕ್ಕ ಆ ಮೇಸ್ತ್ರಿಯ ಹೆಂಡತಿ. ಸತ್ತ ಐವರಲ್ಲಿ ಒಬ್ಬ ಅವಳ ಒಡಹುಟ್ಟಿದ ತಮ್ಮ. ಹನ್ನೆರಡು ವರ್ಷದಿಂದ ಅವಳು ಕೆಲಸ ಮಾಡುತ್ತಿರುವುದು ಇದೇ ಕಾರ್ಖಾನೆಯ ಇದೇ ಲ್ಯಾಬಿನಲ್ಲಿ.

ತಾತ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಕೊಳವೆಯನ್ನು ಯಂತ್ರದ ಮೂರನೆಯ ಬಾಯಿಗೆ ಹಚ್ಚಿ ತಿರುಪು ಬಿಗಿದ. ಮೊದಲಿನ ಎರಡು ಬಾಯಿಗಳಲ್ಲಿ ನಾಲ್ಕು ಮತ್ತು ಐದನೆಯ ಡಬ್ಬಿಯ ಕಾಳು ಆಗಲೇ ನೇತಾಡುತ್ತಿದ್ದವು. ಕೆಳಗೆ, ಅಗಲ ಬಾಯಿಯ ಥರ್ಮಾಸಿನಂಥ ಮೂರು ಪಾತ್ರೆಗಳಲ್ಲಿ ದ್ರವ ಸಾರಜನಕ ಬಿಳಿಹೊಗೆ ಕಾರುತ್ತಿತ್ತು. ತಾತ ಗುಂಡಿ ಒತ್ತಿದ. ಪಾತ್ರೆಗಳು ತಾವಾಗಿಯೇ ಮೇಲೇರಿ ಕೊಳವೆಗಳನ್ನು ನುಂಗಿದವು.

"ಈ ಯಂತ್ರ ಏನು ನೋಡುತ್ತೆ ಅಂತ ಇನ್ನೊಂದ್ಸಲ ಹೇಳಿ ತಾತ. ನಾಳೆ ಜಡ್ಜ್ ಮುಂದೆ ತೊದಲಬಾರ್ದು."

"ಕಾಳು ಹೊರಗಿಂದ ಸಾಸಿವೆಯಷ್ಟು. ಒಳಗೆ ಬರೀ ತೂತು, ತೂತಿನೊಳಗೆ ತೂತು. ಆ ತೂತಿನ ಗೋಡೆಯನ್ನೆಲ್ಲ ಬಿಡಿಸಿ ಹಾಸಿದ್ರೆ ಒಂದು ಗ್ರಾಂ ಒಳ್ಳೇ ಕಾಳು ಇನ್ನೂರಮೂವತ್ತು ಚದರ ಮೀಟರ್ ಬರುತ್ತೆ, ದೊಡ್ಡ ಬಂಗಲೆಯ ನೆಲ ಅಂದ್ಕೊಳಿ. ವಿಷಗಾಳಿ ಆ ಗೋಡೆಗೆ ತಾಗಿದ್ರೆ ತಾನೇ ಸಾಧುವಾಗೋದು? ಗೋಡೆ ಕುಸಿದು ತೂತು ಮುಚ್ಚಿಹೋದ್ರೆ ಕಾಳು ಸತ್ತ ಹಾಗೆ. ಗೋಡೆಗೆ ಎಷ್ಟು ಸಾರಜನಕ ಅಂಟ್ಕೊಳ್ತು ಅಂತ ಲೆಕ್ಕ ಹಾಕಿ ಯಂತ್ರ ನೆಲದ ಅಳತೆ ಹೇಳುತ್ತೆ."

"ನಿನ್ನೆ ಮೂರು ಡಬ್ಬಿದು ಎಷ್ಟು ಬಂತು?"

"ಮೂವತ್ತೊಂದು, ಇಪ್ಪತ್ತೊಂಬತ್ತು, ಮೂವತ್ತಮೂರು. ಬಂಗಲೆ ಅಂತ ಹೇಳಿ ಸ್ಟೋರ್ ರೂಮ್ ಕೊಟ್ಟಿದಾರೆ."

ಅಳತೆಗೆ ಮುಂಚೆ ಕಾಳನ್ನು ಬಿಸಿ ಮಾಡಿ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯಬೇಕು. ನಿನ್ನೆ ಸಂಜೆಯಿಂದ ಅದೇ ನಡೆದಿತ್ತು. ಹಾಗೆ ಬಿಸಿಯಾದಾಗ ತೂತುಗಳಲ್ಲಿ ಅಡಗಿದ್ದದ್ದೆಲ್ಲ ಹೊರಬಂದು, ಕೊಳವೆಯ ತಣ್ಣನೆಯ ಕತ್ತಿನಲ್ಲಿ ಕಂದುಹಳದಿಯ ಅಂಟಾಗಿ ಕೂತಿತ್ತು. ಅಳತೆ ಮುಗಿದ ಒಂದು ಕೊಳವೆ ಮೇಜಿನ ಮೇಲೆ ಮಲಗಿತ್ತು. ಇನ್ಸ್‌ಪೆಕ್ಟರಮ್ಮ ಅದರ ಬಾಯಿಗೆ ಮೂಗು ಒಯ್ದು, ಥಟ್ಟನೆ ತಲೆ ಹಿಂದಕ್ಕೆಳೆದುಕೊಂಡಳು.

"ಛೀ! ಏನಿದು?"

"ಉಗುಳು," ಎಂದ ತಾತ. "ಬೆವರು. ಮೇಲೊಂದಿಷ್ಟು ಅಗ್ಗದ ಸೋಪು. ಹೊಸ ಕಾಳಿನಲ್ಲಿ ಇದ್ಯಾವುದೂ ಇರ್ಬಾರ್ದು ತಾಯಿ. ಇದನ್ನ ಯಾರೋ ಒಮ್ಮೆ ಉಸಿರಾಡಿ ಮುಗಿಸಿದಾರೆ."

ಠಾಣೆಯ ಹುಡುಗರು ಬೆನ್ನ ಹಿಂದೆ ಅವಳನ್ನು 'ಛೀ ಮೇಡಂ' ಎನ್ನುತ್ತಿದ್ದರು. ಹೆಣ ಕಂಡರೂ ಹೇಸದವಳು, ಕೊಳೆತ ಸುಳ್ಳು ಕಂಡರೆ ಮುಖ ಸಿಂಡರಿಸುತ್ತಿದ್ದಳು. ಈಗ ಹಳೆಯದೊಂದು ನೆನಪಾಯಿತು. ಅವಳ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಗಾಳಿ ಮಾರುವವನೊಬ್ಬನಿದ್ದ. ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಬೆಟ್ಟದ ಗಾಳಿ, ಹೂದೋಟದ ಗಾಳಿ ಎಂದು ಕೂಗುತ್ತ ಊರೂರು ತಿರುಗುತ್ತಿದ್ದ. ಕಾಯಿಲೆಯ ಹೆಂಗಸೊಬ್ಬಳು ಆಸೆಯಿಂದ ಬಟ್ಟೆ ಬಿಚ್ಚಿ ಮೂಗು ಹಾಕಿದರೆ ಒಳಗಿದ್ದದ್ದು ಅವನದೇ ಬಾಯಿಯ ಗಾಳಿ. ಆ ಜಾಗಕ್ಕೆ ಬಂದಾಗ ಅಜ್ಜಿ ಮೊಮ್ಮಗಳ ಮುಖಕ್ಕೆ 'ಹ್ಹಾ' ಎಂದು ಊದುತ್ತಿದ್ದಳು, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ನಗುವ ಕಥೆಯಲ್ಲ ಅದು ಎಂದು ಅವಳಿಗೆ ಇಂದು ಗೊತ್ತಾಯಿತು.

ಆರನೆಯ ಕೊಳವೆಯ ಕತ್ತು ಮಾತ್ರ ತಿಳಿಯಾಗಿತ್ತು. ಕೊಳವೆಯಕ್ಕ ಒರೆಸಿರಬೇಕು ಎಂದುಕೊಂಡು ಇನ್ಸ್‌ಪೆಕ್ಟರಮ್ಮ ಬಾಗಿಲ ಕಡೆ ತಿರುಗಿದಳು. ಬಾಗಿಲಲ್ಲಿ ನುಣ್ಣಪ್ಪ ನಿಂತಿದ್ದ.

ಲ್ಯಾಬಿನ ಮುಖ್ಯಸ್ಥನಿಗೆ ಕಾರ್ಮಿಕರು ಇಟ್ಟ ಹೆಸರದು. ಕೆನ್ನೆ ನುಣುಪು, ಮಾತು ನುಣುಪು, ಕೈಗೆ ಸಿಕ್ಕರೆ ಜಾರುವ ಮನುಷ್ಯ. ಅಂಗೈಯಲ್ಲಿ ಅರ್ಧ ಸುಲಿದ ಕಿತ್ತಳೆಯಿತ್ತು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲವಂತೆ ಮೇಡಂ. ಎರಡು ತೊಳೆ ತಗೊಳ್ಳಿ."

"ಲ್ಯಾಬಿನಲ್ಲಿ ತಿನ್ನಬಾರದು ಅಂತ ಗೋಡೆ ಮೇಲೆ ನೀವೇ ಬರೆಸಿದೀರಿ."

"ಅದು ಕೆಲಸದವರಿಗೆ." ಅವನು ನಕ್ಕು, ಒಂದು ತೊಳೆ ಬಾಯಿಗೆ ಹಾಕಿಕೊಂಡು, ರಸವಾದ ಬೆರಳುಗಳನ್ನು ಬಿಳಿ ಕೋಟಿಗೆ ಒರೆಸಿದ. "ಅಳತೆ ಹೇಗೆ ಬರ್ತಿದೆ? ಯಂತ್ರಕ್ಕೆ ವಯಸ್ಸಾಯ್ತು ನೋಡಿ. ಒಮ್ಮೊಮ್ಮೆ ಕಡಿಮೆ ತೋರಿಸುತ್ತೆ."

"ತೋರಿಸಲ್ಲ," ಎಂದ ತಾತ, ತಲೆಯೆತ್ತದೆ. "ಮೊನ್ನೆ ಮೊದಲು ಅಳತೆ ಗೊತ್ತಿರೋ ಪುಡಿ ಹಾಕಿ ನೋಡ್ದೆ. ಚೀಟಿಯಲ್ಲಿ ನೂರಾ ಎರಡು ಅಂತಿತ್ತು, ಯಂತ್ರ ನೂರಾ ಒಂದೂವರೆ ಅಂತು. ಈ ಯಂತ್ರ ನಿಮಗಿಂತ ನೇರವಾಗಿ ಮಾತಾಡುತ್ತೆ ಸಾರ್."

ಇನ್ಸ್‌ಪೆಕ್ಟರಮ್ಮ ಫೈಲಿನಿಂದ ಹದಿನಾಲ್ಕು ಹಾಳೆ ತೆಗೆದು, ಇಸ್ಪೀಟು ಎಲೆ ಹಂಚುವವಳಂತೆ ಒಂದೊಂದೇ ಮೇಜಿನ ಮೇಲೆ ಹಾಸಿದಳು.

"ಕಳೆದ ನಾಲ್ಕು ತಿಂಗಳ ನಿಮ್ಮ ವರದಿ. ಹದಿನಾಲ್ಕು ಸಲ ತಯಾರಾದ ಹದಿನಾಲ್ಕು ತಂಡದ ಕಾಳು. ಪ್ರತಿಯೊಂದೂ ಪಾಸು. ನೆಲದ ಅಳತೆ ಇನ್ನೂರಮೂವತ್ತರ ಆಚೆ ಈಚೆ."

"ಉತ್ತಮ ಗುಣಮಟ್ಟ," ಎಂದ ನುಣ್ಣಪ್ಪ.

"ಆ ಅಂಕೆಗಳನ್ನ ಒಂಚೂರು ಹಿಂದೆಮುಂದೆ ತಿದ್ದೋ ಜಾಣತನ ಯಾರಿಗೋ ಇತ್ತು. ಆದ್ರೆ ಕೆಳಗಡೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿದೆ. ಖಾಲಿ ಜಾಗ ಅಂತ. ಓದಿ."

ನುಣ್ಣಪ್ಪನ ದವಡೆ ನಿಂತಿತು.

"ನಾನೇ ಓದ್ತೀನಿ. ಇಪ್ಪತ್ತೆಂಟು ಪಾಯಿಂಟ್ ನಾಲ್ಕು ಒಂದು ಏಳು ಮೂರು. ಇಲ್ಲೂ ಅದೇ. ಇಲ್ಲೂ. ಹದಿನಾಲ್ಕರಲ್ಲೂ ಅದೇ. ತಾತ, ಇದೇನು ಹೇಳಿ ಇವರಿಗೆ."

"ಅವ್ರಿಗೆ ಗೊತ್ತು. ನಿಮಗೆ ಹೇಳ್ತೀನಿ." ತಾತ ಈಗ ಕುರ್ಚಿ ತಿರುಗಿಸಿದ. "ಅಳೆಯೋ ಮುಂಚೆ ಯಂತ್ರ ಪ್ರತಿಸಲ ಕೊಳವೆಗೆ ಹೀಲಿಯಂ ಬಿಟ್ಟು, ಕಾಳು ಬಿಟ್ಟು ಮಿಕ್ಕ ಜಾಗ ಎಷ್ಟು ಅಂತ ನೋಡುತ್ತೆ. ಕೊಳವೆ ಬೇರೆ ಆದ್ರೆ ಅದು ಬೇರೆ. ಕಾಳು ಒಂದು ಹೆಚ್ಚಾದ್ರೆ ಬೇರೆ. ಸಾರಜನಕ ಒಂದು ಕೂದಲೆಳೆ ಇಳಿದ್ರೂ ಬೇರೆ. ನಲವತ್ತು ವರ್ಷ ಈ ಯಂತ್ರಗಳ ಹೊಟ್ಟೆ ಬಗೆದಿದೀನಿ, ಒಂದೇ ಕೊಳವೆಯನ್ನ ಎರಡು ಸಲ ಹಾಕಿದ್ರೂ ನಾಲ್ಕನೇ ಅಂಕೆ ಒಂದೇ ಬಂದಿದ್ದು ನೋಡಿಲ್ಲ. ಹದಿನಾಲ್ಕು ಸಲ! ಹದಿನಾಲ್ಕು ಜನ ಕೆಸರಲ್ಲಿ ನಡೆದು ಒಂದೇ ಹೆಜ್ಜೆ ಮೂಡಿತು ಅಂದ ಹಾಗಾಯ್ತು."

"ನಮ್ಮ ಹುಡುಗಿಯ ಕೈ ಅಷ್ಟು ಪಳಗಿದೆ," ಎಂದ ನುಣ್ಣಪ್ಪ. ಆಮೇಲೆ ಕೊಳವೆಯಕ್ಕನ ಕಡೆ ನೋಡಿ, ಬಹಳ ಮೃದುವಾಗಿ, "ಪ್ರತಿ ಹಾಳೆಯಲ್ಲೂ ಸಹಿ ಅವಳದ್ದೇ. ನೋಡಿ. ಪಾಪ, ಮನೆಯಲ್ಲಿ ತಾಪತ್ರಯ ಜಾಸ್ತಿ. ಕೆಲಸ ತಪ್ಪಿಸಿಕೊಳ್ಳೋಕೆ ಹಳೇ ಫೈಲಿಗೆ ಹೊಸ ಹೆಸರು ಹಾಕಿರಬಹುದು. ನನಗೇನು ಗೊತ್ತಾಗುತ್ತೆ?"

ಕೊಳವೆಯಕ್ಕ ನೆಲ ನೋಡುತ್ತಿದ್ದಳು. ಅವಳ ಕಿವಿಯ ತುದಿ ಕೆಂಪಾಗಿತ್ತು.

"ಸರಿ. ಅವಳೇ ಮಾಡಿದಳು ಅಂತ ಇಟ್ಕೊಳ್ಳೋಣ." ಇನ್ಸ್‌ಪೆಕ್ಟರಮ್ಮ ಕೈಚೀಲದಿಂದ ಒಂದು ಉಸಿರುಡಬ್ಬಿ ತೆಗೆದಳು. ಫಳಫಳ ಹೊಸದು, ಮೊಹರು ಒಡೆದಿಲ್ಲ. "ಬೆಳಿಗ್ಗೆ ನಿಮ್ಮ ಗೋಡೌನಿನಿಂದ ವಶಕ್ಕೆ ತಗೊಂಡಿದ್ದು. ರಸೀದಿ ಕೊಟ್ಟಿದೀನಿ. ನಿಮ್ಮೆದುರೇ ಬಿಚ್ಚೋಣವಾ?"

"ಅದು ಮಾರಾಟದ ಮಾಲು! ಬಿಚ್ಚಿದ್ರೆ..."

ತಾತನ ಕೈಯಲ್ಲಿ ತಗಡುಕತ್ತರಿ ಆಗಲೇ ಕಚ್ಚಿತ್ತು. ಮುಚ್ಚಳ ಸುರುಳಿಯಾಗಿ ಎದ್ದಿತು. ಒಳಗೆ ಕಾಳಿನ ಮೇಲೆ ಹಾಸಿದ ಬಿಳಿ ಹತ್ತಿಬಿಲ್ಲೆ, ಆಸ್ಪತ್ರೆಯ ಹಾಸಿಗೆಯಷ್ಟು ಶುಭ್ರ. ಇನ್ಸ್‌ಪೆಕ್ಟರಮ್ಮ ಇಕ್ಕಳದಿಂದ ಅದರ ಅಂಚು ಹಿಡಿದು ಮಗುಚಿದಳು.

ಇನ್ನೊಂದು ಮಗ್ಗುಲಲ್ಲಿ ಕಂದು ಉಂಗುರವೊಂದು ಒಣಗಿ ಹಕ್ಕಳೆಗಟ್ಟಿತ್ತು. ಯಾರದೋ ಬಾಯಿಯಷ್ಟೇ ಅಗಲ. ನಡುವೆ ಕಫದ ಗೆರೆ. ಅದರಲ್ಲಿ ಸಿಕ್ಕಿಕೊಂಡ ಮೂರು ಗಡ್ಡದ ಕೂದಲು, ಎರಡು ಕಪ್ಪು, ಒಂದು ಬಿಳಿ.

ಹಿಂದೆ ಯಂತ್ರ ಟಿಕ್ ಟಿಕ್ ಎನ್ನುತ್ತ ತನ್ನೊಳಗಿನ ಕವಾಟಗಳನ್ನು ತೆರೆದು ಮುಚ್ಚುತ್ತಿತ್ತು.

"ಬಿಸಾಡಿದ ಡಬ್ಬಿ ವಾಪಸ್ ತಗೊಳ್ತೀರಿ," ಎಂದಳು ಇನ್ಸ್‌ಪೆಕ್ಟರಮ್ಮ. "ಕಾಳು ಸುರಿದು, ಸೋಪುನೀರಲ್ಲಿ ತೊಳೆದು, ಹೊಸ ತಗಡಿಗೆ ತುಂಬ್ತೀರಿ. ಹತ್ತಿಬಿಲ್ಲೆ ತೊಳೆಯೋಕೂ ನಿಮಗೆ ಬೇಜಾರು. ಕೊಳೆ ಮಗ್ಗುಲು ಒಳಗೆ, ಚೊಕ್ಕ ಮಗ್ಗುಲು ಹೊರಗೆ. ಮುಗೀತು."

"ಗಲೀಜು ಅನ್ನಬೇಡಿ ಮೇಡಂ." ನುಣ್ಣಪ್ಪನಿಗೆ ನಿಜಕ್ಕೂ ನೋವಾದಂತಿತ್ತು. "ನಾನೂರು ಡಿಗ್ರಿಯಲ್ಲಿ ಹುರಿದ ಮೇಲೆ ಯಾವ ರೋಗಾಣು ಉಳಿಯುತ್ತೆ? ಕಾಳು ಅಡುಗೆ ಪಾತ್ರೆಗಿಂತ ಶುದ್ಧ."

ತಾತ ಉಫ್ ಎಂದು ಉಸಿರು ಬಿಟ್ಟ. "ನಾನೂರು! ನಾನೂರಕ್ಕೆ ಹುರಿದ್ರೆ ಒಳಗಿನ ಗೋಡೆಯೆಲ್ಲ ಕುಸಿದು ಕಾಳು ಕಲ್ಲಾಗುತ್ತೆ ಅಂತ ಮೊದಲ ವರ್ಷದ ಹುಡುಗರಿಗೂ ಗೊತ್ತು. ಅದೂ ಗೇಣುದ್ದ ರಾಶಿ ಹಾಕಿ ಹುರಿದಿರ್ಬೇಕು. ಮೇಲಿಂದು ಸುಟ್ಟು, ಒಳಗಿಂದು ಹಸಿ. ಅದಕ್ಕೇ ಕತ್ತಿನಲ್ಲಿ ಆ ಅಂಟು."

ನುಣ್ಣಪ್ಪ ಬಾಯಿ ಮುಚ್ಚಿದ. ಆದರೆ ಹೇಳಬಾರದ್ದನ್ನು ಹೇಳಿಯಾಗಿತ್ತು. ಮೂಲೆಯಲ್ಲಿ ಕೂತ ಪೇದೆ ಅದನ್ನು ಅಕ್ಷರ ಬಿಡದೆ ಬರೆದುಕೊಂಡಿದ್ದ.

"ನಮ್ಮ ವಕೀಲರ ಹತ್ತಿರ ಮಾತಾಡಿ," ಎಂದ. ಉಳಿದ ಕಿತ್ತಳೆಯನ್ನು ಕಸದ ಬುಟ್ಟಿಗೆ ಎಸೆಯಲಿಲ್ಲ. ಜೋಪಾನವಾಗಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಇನ್ಸ್‌ಪೆಕ್ಟರಮ್ಮನಿಗೆ ಅದೇಕೋ ಹತ್ತಿಬಿಲ್ಲೆಗಿಂತ ಹೆಚ್ಚು ಹೇಸಿಗೆಯಾಯಿತು. ಪೇದೆ ಅವನನ್ನು ಅವನದೇ ಕೋಣೆಯಲ್ಲಿ ಕೂರಿಸಿ, ಬಾಗಿಲಿಗೆ ಕುರ್ಚಿ ಹಾಕಿಕೊಂಡ.

ಪ್ರಿಂಟರ್ ಕರಕರ ಎಂದಿತು.

"ನಾಲ್ಕನೇದು," ಎಂದು ತಾತ ಹಾಳೆ ಹರಿದ. "ಮೂವತ್ತು. ಸತ್ತಿದೆ."

ಕೊಳವೆಯಕ್ಕ ಮೊದಲ ಸಲ ತಲೆಯೆತ್ತಿ ಯಂತ್ರದ ಹತ್ತಿರ ಬಂದಳು. ಸೆರಗಿನ ತುದಿ ಅವಳ ಬೆರಳಲ್ಲಿ ಹಗ್ಗದಂತೆ ಹುರಿಗೊಳ್ಳುತ್ತಿತ್ತು. ಹತ್ತು ನಿಮಿಷ ಕಳೆದು ಪ್ರಿಂಟರ್ ಮತ್ತೆ ಕರಕರ ಎಂದಿತು.

"ಐದನೇದು. ಇಪ್ಪತ್ತೆಂಟು. ಇದೂ ಸತ್ತಿದೆ."

"ಸರಿಯಾಗಿ ನೋಡಿ ತಾತ." ಕೊಳವೆಯಕ್ಕ ಹಾಳೆಗೆ ಕೈ ಚಾಚಿದಳು. "ಐದೂ ಹೇಗಾಗುತ್ತೆ? ನಾಲ್ಕಲ್ವಾ?"

ಇನ್ಸ್‌ಪೆಕ್ಟರಮ್ಮ ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು.

"ಏನಂದ್ರಿ ಅಕ್ಕ?"

"ಏನಿಲ್ಲ."

"ನಾಲ್ಕು ಅಂದ್ರಿ. ಸತ್ತಿದ್ದು ಐದು ಜನ. ನಾಲ್ಕು ಡಬ್ಬಿ ಮಾತ್ರ ಕೆಟ್ಟಿರ್ಬೇಕು ಅಂತ ನಿಮಗೆ ಹೇಗೆ ಗೊತ್ತು?"

"ಐದನೇದು ಯಾರದು?" ಅವಳಿಗೆ ಪ್ರಶ್ನೆ ಕೇಳಿಸಿದಂತಿರಲಿಲ್ಲ. "ಚೀಟಿ ನಿಮ್ಮ ಹತ್ರ ಇದೆಯಲ್ಲ, ಹೆಸರು ನೋಡಿ. ಯಾರದು ಹೇಳಿ!"

ಆರನೆಯದು ಮೇಸ್ತ್ರಿಯದೆಂದು ಎಲ್ಲರಿಗೂ ಗೊತ್ತಿತ್ತು, ಉಳಿದ ಐದು ಮೊಹರಾದ ಚೀಲಗಳ ಮೇಲೆ ಬರೀ ಸಂಖ್ಯೆಯಿತ್ತು. ಯಾವುದು ಯಾರದೆಂಬ ಪಟ್ಟಿ ಇದ್ದದ್ದು ಇನ್ಸ್‌ಪೆಕ್ಟರಮ್ಮನ ಫೈಲಿನಲ್ಲಿ ಮಾತ್ರ. ಅವಳು ಪುಟ ಮಗುಚಿದಳು.

"ಡ್ರಿಲ್ಲು ಹಿಡೀತಿದ್ದವನದು. ನಿಮ್ಮ ತಮ್ಮಂದು."

ಕೊಳವೆಯಕ್ಕ ಕೂರಲಿಲ್ಲ, ಅಳಲಿಲ್ಲ. ಬೆರಳಿನಿಂದ ಸೆರಗನ್ನು ಬಿಡಿಸಿಕೊಂಡಳು. ಬೆರಳು ರಕ್ತವಿಲ್ಲದೆ ಬೆಳ್ಳಗಾಗಿತ್ತು.

"ನಾಲ್ಕು ತಿಂಗಳ ಹಿಂದೆ ಮೊದಲ ಸಲ ಇಪ್ಪತ್ತೊಂಬತ್ತು ಬಂತು," ಎಂದಳು. "ಸರ್‌ಗೆ ತೋರಿಸ್ದೆ. ಯಂತ್ರ ಕೆಟ್ಟಿದೆ, ಹಳೇ ಫೈಲಿಗೆ ಹೊಸ ಹೆಸರು ಹಾಕು ಅಂದ್ರು. ಹಾಕ್ದೆ. ಎರಡನೇ ಸಲವೂ ಹಾಕ್ದೆ. ಆಮೇಲೆ ಕೈಗೆ ರೂಢಿಯಾಗಿಹೋಯ್ತು."

"ಜನ ಅದನ್ನ ಮೂತಿಗೆ ಕಟ್ಕೊಳ್ತಾರೆ ಅಂತ ಗೊತ್ತಿತ್ತು."

"ತರಬೇತಿಗೆ ಮಾತ್ರ ಹೋಗೋದು ಅಂದ್ರು. ನಂಬಿದೆ ಅಂತ ನಂಬಿಸ್ಕೊಂಡೆ."

"ಛೀ," ಎಂದಳು ಇನ್ಸ್‌ಪೆಕ್ಟರಮ್ಮ. ದನಿಯೇರಿಸಲಿಲ್ಲ. ಅದು ತಾನಾಗಿ ಬಂದಿತ್ತು.

"ಅನ್ನಿ. ಇನ್ನೂ ನಾಲ್ಕು ಸಲ ಅನ್ನಿ." ಕೊಳವೆಯಕ್ಕ ಅವಳನ್ನೇ ನೋಡುತ್ತಿದ್ದಳು. "ನಾಲ್ಕು ಮನೆಯ ಹೆಂಗಸರು ನನ್ನ ತಬ್ಬಿ ಅತ್ತಿದಾರೆ. ನೀನೂ ತಮ್ಮನ್ನ ಕಳ್ಕೊಂಡ್ಯಲ್ಲಾ ಅಂತ. ನಾನು ಬೆನ್ನು ಸವರಿ ಸಮಾಧಾನ ಮಾಡಿದೀನಿ. ನನ್ನ ಕೈ ನನಗೇ ನಾರುತ್ತೆ ಮೇಡಂ."

ತಾತ ಯಂತ್ರದ ಕಡೆ ಮುಖ ತಿರುಗಿಸಿದ್ದ.

"ನಿಜವಾಗ್ಲೂ ನಂಬಿದ್ದಿದ್ರೆ 'ನಾಲ್ಕು' ಅನ್ನೋ ಮಾತು ಬರ್ತಿರ್ಲಿಲ್ಲ," ಎಂದಳು ಇನ್ಸ್‌ಪೆಕ್ಟರಮ್ಮ. "ಪೂರ್ತಿ ಹೇಳಿ."

"ಈ ಡಬ್ಬಿಗಳೇ ಸುರಂಗಕ್ಕೆ ಹೋಗ್ತಿವೆ ಅಂತ ಹೋದ ತಿಂಗಳು ಗೊತ್ತಾಯ್ತು. ನಮ್ಮನೆಯವ್ರ ಚೀಲದಲ್ಲೇ ಒಂದು ಸಿಕ್ತು." ಅವಳು ಗೋಡೆಗೊರಗಿದಳು. "ಪ್ರತಿ ತಂಡದ ಕಾಳಿನಲ್ಲಿ ಒಂದು ಪಾಲು ಗಾಜಿನ ಭರಣಿಗೆ ಹಾಕಿ ಎತ್ತಿಡ್ತೀವಿ, ಮುಂದೆ ತಕರಾರು ಬಂದ್ರೆ ಸಾಕ್ಷಿಗಿರ್ಲಿ ಅಂತ. ಕಾಳು ಚೆನ್ನಾಗಿದ್ದ ಕಾಲದ ಭರಣಿ ಒಂದು ಉಳಿದಿತ್ತು. ಅದರಿಂದ ಎರಡು ಡಬ್ಬಿ ತುಂಬಿದೆ. ನನ್ನ ಕೈಯಾರೆ ಮುಚ್ಚಳ ಒತ್ತಿದೆ. ನಮ್ಮನೆಯವ್ರಿಗೆ ಒಂದು, ತಮ್ಮನಿಗೊಂದು. ಇದನ್ನ ಬಿಟ್ಟು ಬೇರೆ ಮುಟ್ಟಬೇಡಿ, ಯಾಕೆ ಅಂತ ಕೇಳಬೇಡಿ ಅಂದೆ. ಅವ್ರು ಎರಡನ್ನೂ ಊಟದ ಚೀಲದಲ್ಲಿ ಹಾಕ್ಕೊಂಡು ಹೋದ್ರು."

"ಉಳಿದ ನಾಲ್ಕು ಜನಕ್ಕೆ?"

ಕೊಳವೆಯಕ್ಕ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ಭರಣಿಯಲ್ಲಿ ಅಷ್ಟೇ ಇತ್ತು," ಎಂದಳು. "ತಮ್ಮ ಸತ್ತ ಅಂದಾಗ ಪಟ್ಟಿ ಸಡಿಲ ಆಗಿರ್ಬೇಕು ಅಂದ್ಕೊಂಡೆ. ನನ್ನ ಡಬ್ಬಿ ಕಟ್ಕೊಂಡೂ ಸತ್ತನಲ್ಲ ಅಂತ ಒಂಬತ್ತು ದಿನ ಅತ್ತೆ. ಆಸ್ಪತ್ರೆಯಲ್ಲಿ ಕೇಳ್ದೆ, ಅವನಿಗೆ ಕಟ್ಟಿದ್ರಾ ಅಂತ. ನನ್ನ ಕೈಯಾರೆ ಕಟ್ಟಿದೆ ಅಂದ್ರು."

ಪ್ರಿಂಟರ್ ಮೂರನೆಯ ಸಲ ಎಚ್ಚರಗೊಂಡಿತು. ತಾತ ಎದ್ದು ಹೋಗುವುದರೊಳಗೆ ಅವಳೇ ಹಾಳೆ ಹರಿದಿದ್ದಳು. ಅವಳಿಗೆ ಯಾರೂ ಅರ್ಥ ಹೇಳಬೇಕಿರಲಿಲ್ಲ. ನೋಡಿ, ಇನ್ಸ್‌ಪೆಕ್ಟರಮ್ಮನ ಕೈಗಿಟ್ಟಳು.

ಇನ್ನೂರ ಇಪ್ಪತ್ತಾರು.

ಗಂಡನನ್ನು ಬಿಡಿಸಬೇಕಿದ್ದ ಹಾಳೆ ಅದು. ಈಗ ಅದೇ ಅವನನ್ನು ಕಟ್ಟಿಹಾಕುತ್ತಿತ್ತು. ಆರು ಜನರಲ್ಲಿ ಒಬ್ಬನ ಬಾಯಿಗೆ ಮಾತ್ರ ಜೀವಂತ ಕಾಳು, ಅವನೊಬ್ಬನೇ ಬದುಕಿದ್ದ. ಹಿಂದೆ ನಿಂತಿದ್ದ, ಬಾಗಿಲಿಗೆ ಹತ್ತಿರವಿದ್ದ, ಅ‍ದೃಷ್ಟವಂತ ಎಂದು ಒಂಬತ್ತು ದಿನ ಎಲ್ಲರೂ ಆಡಿಕೊಂಡಿದ್ದೆಲ್ಲ ಗಾಳಿಮಾತಾಗಿಹೋಯಿತು.

"ಇದಕ್ಕೇ ಆರನೇದು ಬೇಡ ಅಂದ್ರಾ?"

"ಹೂಂ. ಚೆನ್ನಾಗಿರೋದು ಸಿಕ್ರೆ ಅವ್ರನ್ನೇ ಹಿಡೀತೀರಿ ಅಂತ." ಅವಳ ತುಟಿ ಅಸಹ್ಯದಿಂದ ಸೊಟ್ಟಗಾಯಿತು. "ಈಗ ಹಿಡ್ಕೊಳ್ಳಿ. ತಮ್ಮನ ಪಾಲಿನ ಡಬ್ಬಿ ಎಲ್ಲಿ ಹೋಯ್ತು ಅಂತ ಕೇಳಿ ಅವ್ರನ್ನ. ಕೇಳಿ ಮೇಡಂ!"

ಇನ್ಸ್‌ಪೆಕ್ಟರಮ್ಮ ಹೊರಗೆ ಬಂದು ಲ್ಯಾಬಿನ ಬಾಗಿಲು ಎಳೆದುಕೊಂಡಳು. ಮೊಗಸಾಲೆಯಲ್ಲಿ ಫಿನಾಯಿಲ್ ವಾಸನೆ, ಅದರಡಿ ಕಿತ್ತಳೆ ಸಿಪ್ಪೆಯ ವಾಸನೆ. ಆಸ್ಪತ್ರೆಯ ಕಾವಲಿನ ಪೇದೆಗೆ ಫೋನು ಹಚ್ಚಿದಳು.

"ಮೇಸ್ತ್ರಿ ಎಚ್ಚರ ಇದಾನಾ? ಒಂದೇ ಪ್ರಶ್ನೆ ಕೇಳು. ಬೇರೇನೂ ಹೇಳಬೇಡ, ಅಳತೆ ವಿಷಯ ಉಸಿರೆತ್ತಬೇಡ. ಅವನ ಹೆಂಡ್ತಿ ಎಷ್ಟು ಡಬ್ಬಿ ಕೊಟ್ಟಿದ್ಲು ಅಂತ ಕೇಳು."

ಆ ಕಡೆ ಚಪ್ಪಲಿಯ ಸದ್ದು. ಪರದೆ ಸರಿದ ಸದ್ದು. ಗೊಗ್ಗರು ದನಿಯೊಂದು ಏನೋ ಹೇಳಿತು, ಕೆಮ್ಮಿತು, ಮತ್ತೆ ಹೇಳಿತು.

"ಮೇಡಂ, ಒಂದೇ ಅಂತಿದಾನೆ."

"ಸರಿಯಾಗಿ ಕೇಳಿದ್ಯಾ?"

"ಎರಡು ಸಲ ಕೇಳ್ದೆ. ಒಂದೇ ಕೊಟ್ಟಿದ್ದು ಅಂತ. ಭಾಮೈದನಿಗೂ ಒಂದು ಕೊಡೇ ಅಂತ ಇವನೇ ಗೋಗರೆದನಂತೆ, ಇಲ್ಲ, ಇರೋದೇ ಒಂದು ಅಂದಳಂತೆ. ಅವಳಿಗೆ ಬೇಜಾರಾಗ್ಬಾರ್ದು ಅಂತ, ನಿನ್ನ ಡಬ್ಬಿ ಅವನಿಗೇ ಕಟ್ಟಿದ್ದೆ ಅಂತ ಸುಳ್ಳು ಹೇಳಿದನಂತೆ. ಅಳ್ತಿದಾನೆ ಮೇಡಂ. ನರ್ಸಮ್ಮ ನನ್ನ ಬೈತಿದಾರೆ."

ಅವಳು ಫೋನು ಇಟ್ಟಳು. ಇಬ್ಬರಲ್ಲಿ ಒಬ್ಬರು, ಸತ್ತ ಹುಡುಗನ ಹೆಸರನ್ನು ಬಾಯಲ್ಲಿಟ್ಟುಕೊಂಡೇ ಸುಳ್ಳು ಹೇಳುತ್ತಿದ್ದರು. ಆ 'ನಾಲ್ಕಲ್ವಾ' ಬಾಯಿತಪ್ಪಿ ಬಂದಿದ್ದೋ, ಬಾಯಿಪಾಠ ಮಾಡಿಕೊಂಡು ಬಂದಿದ್ದೋ?

ಒಳಗೆ ಹೋದಾಗ ಕೊಳವೆಯಕ್ಕ ಅಲ್ಲೇ ಗೋಡೆಗೊರಗಿದ್ದಳು.

"ಏನಂದ್ರು? ಎರಡು ಅಂದ್ರಲ್ವಾ?"

ಇನ್ಸ್‌ಪೆಕ್ಟರಮ್ಮ ಅವಳಿಗೆ ಉತ್ತರ ಕೊಡದೆ ತಾತನ ಕಡೆ ತಿರುಗಿದಳು. "ತಾತ, ಆ ಸಾಕ್ಷಿಭರಣಿಯಿಂದ ಎಷ್ಟು ಕಾಳು ಹೋಗಿದೆ ಅಂತ ಈಗ ಹೇಳಬಹುದಾ?"

"ಅದೇನು ಬ್ರಹ್ಮವಿದ್ಯೆಯಾ? ತುಂಬಿದ ದಿನದ ತೂಕ ಭರಣಿಯ ಚೀಟಿ ಮೇಲೇ ಇರುತ್ತೆ. ಮಿಕ್ಕಿದ್ದು ತೂಗಿ ಕಳೀರಿ. ಒಂದು ಡಬ್ಬಿಗೆ ನೂರರವತ್ತು ಗ್ರಾಂ. ಒಂದು ಡಬ್ಬಿದು ಹೋಗಿದ್ಯೋ ಎರಡು ಡಬ್ಬಿದು ಹೋಗಿದ್ಯೋ, ತಕ್ಕಡಿಯೇ ಹೇಳುತ್ತೆ."

"ಅಕ್ಕ, ಆ ಭರಣಿ ತನ್ನಿ."

ಕೊಳವೆಯಕ್ಕ ಭರಣಿಗಳಿದ್ದ ಬೀರುವಿನ ಕಡೆ ಹೋಗಲಿಲ್ಲ. ನಲ್ಲಿಯ ಪಕ್ಕದ ತಂತಿ ಕಪಾಟಿನತ್ತ ನೋಡಿದಳು. ಅಲ್ಲಿ ಒಂದು ಅಗಲ ಬಾಯಿಯ ಗಾಜಿನ ಭರಣಿ ಬೋರಲು ಮಲಗಿತ್ತು. ಚೀಟಿಯಿದ್ದ ಜಾಗದಲ್ಲಿ ಗೋಂದಿನ ಕಲೆ. ಅಂಚಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ನೀವು ಹೊರಗೆ ಹೋದಾಗ ತೊಳೆದಿಟ್ಟೆ," ಎಂದಳು. "ಖಾಲಿಯಿತ್ತಲ್ಲ."

ತಾತ ಕನ್ನಡಕ ತೆಗೆದ. "ಇಲ್ಲ ತಾಯಿ," ಎಂದ, ಯಾರ ಮುಖವನ್ನೂ ನೋಡದೆ. "ನಲ್ಲಿ ತೊಟ್ಟಿಗೆ ಕಾಳು ಸುರಿದ ಸದ್ದು ಕೇಳಿಸ್ತು. ಖಾಲಿಯಿರಲಿಲ್ಲ."